ಹೊಸ ಬುಷ್ ಏಳೇ ತಿಂಗಳಲ್ಲಿ ಹರಿದದ್ದು ಏಕೆ?

ಪ್ರಶ್ನೆ (ನಾಗರಬಾವಿಯ ಸದಸ್ಯರು):
ನಮಸ್ಕಾರ ಮೇಸ್ತ್ರಿಗಳೇ. ನನ್ನದು 2014ರ ಸಣ್ಣ ಪೆಟ್ರೋಲ್ ಕಾರು, 92 ಸಾವಿರ ಕಿಲೋಮೀಟರ್ ಓಡಿದೆ. ದಿನವೂ ಹೊರವರ್ತುಲ ರಸ್ತೆಯಲ್ಲಿ ಗೊರಗುಂಟೆಪಾಳ್ಯ ದಾಟಿ ಹೆಬ್ಬಾಳಕ್ಕೆ ಹೋಗಿ ಬರುತ್ತೇನೆ. ಯುಗಾದಿಯ ಹೊತ್ತಿಗೆ ಮುಂದಿನ ಚಕ್ರಗಳ ಬಳಿ ಸದ್ದು ಕೇಳಿಸಿ, ಒಂದು ಗ್ಯಾರೇಜಿನಲ್ಲಿ ಎರಡೂ ಬದಿಯ ಲೋವರ್ ಆರ್ಮ್ ಬುಷ್‌ಗಳನ್ನು ಬದಲಿಸಿಕೊಂಡೆ. ದೀಪಾವಳಿಗೆ ಮೊದಲೇ ಸದ್ದು ಮರಳಿದೆ. ಬ್ರೇಕ್ ಒತ್ತಿದಾಗ ಒಂದು 'ಟಕ್', ಹಿಂದಕ್ಕೆ ತೆಗೆದು ನಿಲ್ಲಿಸಿದಾಗ ಮತ್ತೊಂದು. ಎಡಗಡೆಯ ಟೈರಿನ ಒಳ ಅಂಚು ಸವೆದಿದೆ. ಈಗ ಅದೇ ಗ್ಯಾರೇಜಿನವರು 'ಬಿಡಿಭಾಗ ನಕಲಿ ಬಂದಿತ್ತು, ಆರ್ಮ್ ಪೂರ್ತಿ ಬದಲಿಸಿ' ಎನ್ನುತ್ತಿದ್ದಾರೆ. ನಂಬಬಹುದೇ?

ಉತ್ತರ (ಮೆಕ್ಯಾನಿಕ್, ಕಾಮಾಕ್ಷಿಪಾಳ್ಯ):
ಸರ್, ಬಿಡಿಭಾಗ ನಕಲಿ ಇರಬಹುದು. ಆದರೆ ಎರಡೂ ಬದಿಯ ಹೊಸ ಬುಷ್ ಇಷ್ಟು ಬೇಗ ಹೋಗಿದ್ದರೆ ನಾನು ಮೊದಲು ಸಂಶಯಪಡುವುದು ಅವುಗಳ ಬೋಲ್ಟ್ ಬಿಗಿದ ರೀತಿಯನ್ನು. ನನ್ನ ಬಳಿ ಬರುವ ಇಂಥ ಗಾಡಿಗಳಲ್ಲಿ ಪದೇ ಪದೇ ಕಾಣುವ ತಪ್ಪು ಇದೇ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಲೋವರ್ ಆರ್ಮ್ ಎಂದರೆ ಚಕ್ರದ ನಡುವಿನ ಗುಂಬವನ್ನು (ಹಬ್) ಗಾಡಿಯ ಚೌಕಟ್ಟಿಗೆ ಹಿಡಿದಿಡುವ ಉಕ್ಕಿನ ತೋಳು. ಹೊರತುದಿಯಲ್ಲಿ ಬಾಲ್ ಜಾಯಿಂಟ್, ಅಂದರೆ ಎಲ್ಲ ದಿಕ್ಕಿಗೂ ತಿರುಗುವ ಗುಂಡಿನ ಕೀಲು; ಒಳತುದಿಯಲ್ಲಿ ಸಾಮಾನ್ಯವಾಗಿ ಎರಡು ಬುಷ್. ಬುಷ್ ಬಾಗಿಲ ತಿರುಗಣೆಯಂತೆ ತಿರುಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಇಲ್ಲ ಸರ್, ಅದು ತಿರುಗುವುದೇ ಇಲ್ಲ. ಹೊರಗೊಂದು ಕೊಳವೆ, ಒಳಗೊಂದು ಕೊಳವೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರ್. ಬೋಲ್ಟ್ ಬಿಗಿದೊಡನೆ ಒಳಗಿನ ಕೊಳವೆ ಚೌಕಟ್ಟಿಗೆ ಕಚ್ಚಿ ನಿಲ್ಲುತ್ತದೆ. ಗುಂಡಿಯಲ್ಲಿ ಚಕ್ರ ಇಳಿದಾಗ ತೋಳು ಇಳಿಯುತ್ತದೆ, ರಬ್ಬರ್ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ, ಚಕ್ರ ಮೇಲೆ ಬಂದಾಗ ಬಿಚ್ಚಿಕೊಳ್ಳುತ್ತದೆ.

ಗಾಡಿಯನ್ನು ಲಿಫ್ಟ್ ಮೇಲೇರಿಸಿ, ಚಕ್ರ ಜೋತಾಡುತ್ತಿರುವಾಗಲೇ ಆ ಬೋಲ್ಟ್ ಬಿಗಿದರೆ ಏನಾಗುತ್ತದೆ ನೋಡಿ. ತೋಳಿನ ಉದ್ದ 350 ಮಿಲಿಮೀಟರ್, ಚಕ್ರ 80 ಮಿಲಿಮೀಟರ್ ಕೆಳಗೆ ಜೋತಿದೆ ಎಂದುಕೊಳ್ಳೋಣ. ಗಾಡಿಯನ್ನು ನೆಲಕ್ಕಿಳಿಸಿದ ಕ್ಷಣವೇ ರಬ್ಬರ್ ಸುಮಾರು 13 ಡಿಗ್ರಿ ತಿರುಚಿಕೊಂಡಿರುತ್ತದೆ. ಮನೆ ಮುಂದೆ ಸುಮ್ಮನೆ ನಿಂತಿದ್ದರೂ ರಾತ್ರಿಯಿಡೀ ಅದಕ್ಕೆ ಬಿಡುವಿಲ್ಲ. ಅದರ ಮೇಲೆ ನಮ್ಮ ಊರಿನ ಹಂಪುಗಳು. ಆದ್ದರಿಂದ ಆರ್ಮ್ ಜೋಡಿಸುವಾಗ ಒಳತುದಿಯ ಬೋಲ್ಟ್‌ಗಳನ್ನು ಮೊದಲು ಸಡಿಲವಾಗಿಯೇ ಹಾಕಬೇಕು. ಗಾಡಿಯ ಭಾರ ಚಕ್ರಗಳ ಮೇಲೆ ಕುಳಿತ ನಂತರ, ತಯಾರಕರು ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ (ಎಷ್ಟು ಬಿಗಿಯಾಯಿತೆಂದು ಅಳೆದು ತೋರಿಸುವ ಸ್ಪ್ಯಾನರ್) ಬಿಗಿಯಬೇಕು. ಚಕ್ರಗಳು ಹಲಗೆಯ ಮೇಲೆ ನಿಲ್ಲುವ ನಾಲ್ಕು ಕಂಬದ ಲಿಫ್ಟ್ ಅಥವಾ ನೆಲಗುಂಡಿ ಇದ್ದರೆ ಇದು ಸಲೀಸು. ಎರಡು ಕಂಬದ ಲಿಫ್ಟ್ ಮಾತ್ರ ಇದ್ದರೆ, ತೋಳಿನ ಹೊರತುದಿಗೆ ಜ್ಯಾಕ್ ಕೊಟ್ಟು ಚಕ್ರವನ್ನು ಅದರ ಸಹಜ ಎತ್ತರಕ್ಕೆ ತರಬೇಕು. ಅದಕ್ಕಾಗಿ ಕೆಲಸ ಶುರುವಾಗುವ ಮೊದಲೇ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪಿನಲ್ಲಿ ಅಳೆದು ಬರೆದಿಟ್ಟುಕೊಳ್ಳುತ್ತೇನೆ. ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ. ಅದನ್ನು ಬಿಟ್ಟು ಗಿರಾಕಿಯಿಂದ ಎರಡು ಸಲ ಹಣ ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಹಳೆಯ ಬುಷ್‌ಗಳನ್ನು ಬಿಚ್ಚಿಸಿ ಕೈಗೆ ತೆಗೆದುಕೊಳ್ಳಿ. ರಬ್ಬರ್ ಒಳ ಕೊಳವೆಯ ಸುತ್ತ ಸುತ್ತುವರಿದು ಹರಿದಿದ್ದರೆ ತಿರುಚಿದ್ದರ ಗುರುತು. ಹೊರ ಕೊಳವೆ ಜಜ್ಜಿ ಓರೆಯಾಗಿದ್ದರೆ ಪ್ರೆಸ್ ಬದಲು ಸುತ್ತಿಗೆಯಿಂದ ಹೊಡೆದು ಕೂರಿಸಿದ್ದಾರೆ. ರಬ್ಬರ್ ಉಬ್ಬಿ ಮೆತ್ತಗಾಗಿದ್ದರೆ ಸದ್ದು ನಿಲ್ಲಿಸಲು ಯಾರೋ ಎಣ್ಣೆ ಸುರಿದಿರಬಹುದು, ಅಥವಾ ಎಂಜಿನ್ ಎಣ್ಣೆ ಸೋರುತ್ತಿರಬಹುದು. ಇನ್ನೊಂದು ವಿಷಯ: ಕೆಲವು ಗಾಡಿಗಳ ಹಿಂದಿನ ಬುಷ್‌ನ ರಬ್ಬರಿನಲ್ಲಿ ಖಾಲಿ ಕಿಂಡಿಗಳಿರುತ್ತವೆ. ಅದನ್ನು ಗುರುತು ನೋಡಿ ಒಂದೇ ದಿಕ್ಕಿಗೆ ಕೂರಿಸಬೇಕು.

ಇನ್ನು ಆರ್ಮ್ ಪೂರ್ತಿ ಬದಲಿಸುವ ಮಾತು. ಬಾಲ್ ಜಾಯಿಂಟ್ ಗಟ್ಟಿಯಾಗಿದ್ದು ತೋಳು ನೇರವಾಗಿದ್ದರೆ ಬುಷ್ ಮಾತ್ರ ಸಾಕು. ಬಾಲ್ ಜಾಯಿಂಟ್ ಸಡಿಲವಾಗಿದ್ದು, ಅದು ತೋಳಿಗೇ ಸೇರಿಕೊಂಡ ಮಾದರಿಯಾದರೆ ಆರ್ಮ್ ಬದಲಿಸುವುದೇ ಸರಿ. ನಿಮ್ಮ ಗಾಡಿ ಓಡಿರುವ ದೂರ ನೋಡಿದರೆ ಅದಕ್ಕೂ ಕಾರಣವಿರಬಹುದು. ಬಗ್ಗಿದ ತೋಳನ್ನು ಮಾತ್ರ ಕಾಯಿಸಿ, ಬಡಿದು ನೆಟ್ಟಗೆ ಮಾಡಿಸಿಕೊಳ್ಳಬೇಡಿ. ಕಾಯಿಸಿದ ಜಾಗದಲ್ಲಿ ಉಕ್ಕು ಮೊದಲಿನ ಬಲ ಉಳಿಸಿಕೊಳ್ಳುವುದಿಲ್ಲ.

ಪ್ರಶ್ನೆ (ಬಸವನಗುಡಿಯ ಸದಸ್ಯೆ):
ಅಣ್ಣ, ನನಗೂ ಇಂಥದೇ ಸದ್ದು. ಗ್ಯಾರೇಜಿಗೆ ಹೋದರೆ ಇಡೀ ಪಟ್ಟಿ ಕೊಡುತ್ತಾರೆ: ಲಿಂಕ್ ರಾಡ್, ಬುಷ್, ಶಾಕ್ ಅಬ್ಸಾರ್ಬರ್. ಯಾವುದು ಹೋಗಿದೆ ಎಂದು ನಾನೇ ತಿಳಿಯುವ ದಾರಿ ಇದೆಯೇ?

ಉತ್ತರ:
ಇದೆಯಮ್ಮ, ಅಂದಾಜಿಗಾದರೂ ಇದೆ. ಸಣ್ಣ ಸಣ್ಣ ಉಬ್ಬುಗಳ ಮೇಲೆ ನಿಧಾನವಾಗಿ ಹೋಗುವಾಗ ಕಟಕಟ ಎಂದರೆ ಲಿಂಕ್ ರಾಡನ್ನು, ಅಂದರೆ ಗಾಡಿ ಹೆಚ್ಚು ವಾಲದಂತೆ ತಡೆಯುವ ಸರಳಿಗೆ ಜೋಡಿಸಿದ ಸಣ್ಣ ಕಡ್ಡಿಯನ್ನು, ಮೊದಲು ನೋಡಿಸಿ. ಬ್ರೇಕ್ ಹಿಡಿದಾಗ, ಬಿಟ್ಟಾಗ ಒಂದೇ ಒಂದು ದಪ್ಪ ಸದ್ದು ಬಂದರೆ ಬುಷ್. ಹಂಪ್ ದಾಟಿದ ಮೇಲೂ ಗಾಡಿ ತೂಗುತ್ತಲೇ ಇದ್ದರೆ ಶಾಕ್ ಅಬ್ಸಾರ್ಬರ್.

ಗ್ಯಾರೇಜಿನಲ್ಲಿ ಎದುರಿಗೇ ನಿಂತು ನೋಡಿ. ಬುಷ್ ಪಕ್ಕದಲ್ಲಿ ಉದ್ದನೆಯ ಲಿವರ್ ಇಟ್ಟು ಮೀಟಿದರೆ ಒಳ್ಳೆಯ ರಬ್ಬರ್ ಸ್ವಲ್ಪ ಬಾಗಿ ಮರಳುತ್ತದೆ, ಹರಿದದ್ದು ಬಾಯಿ ಬಿಡುತ್ತದೆ. ಮೇಲ್ಮೈಯಲ್ಲಿ ಕೂದಲೆಳೆಯ ಬಿರುಕು ಕಂಡ ಮಾತ್ರಕ್ಕೆ ಬದಲಿಸಬೇಕಿಲ್ಲ. ಚಕ್ರವನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಡಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಎಡಬಲ ಹಿಡಿದಾಗ ಮಾತ್ರ ಆಡಿದರೆ ಟೈ ರಾಡ್ ಎಂಡ್, ಅಂದರೆ ಸ್ಟೀರಿಂಗ್ ಚಕ್ರವನ್ನು ತಿರುಗಿಸುವ ಕಡ್ಡಿಯ ತುದಿಯ ಕೀಲು. ಗಾಡಿ ಬರೀ ಜ್ಯಾಕ್ ಮೇಲಿರುವಾಗ ದಯವಿಟ್ಟು ಅದರ ಕೆಳಗೆ ತಲೆ ಹಾಕಬೇಡಿ. ಗಟ್ಟಿ ಸ್ಟ್ಯಾಂಡ್ ಇಲ್ಲದೆ ನಾನೂ ಹೋಗುವುದಿಲ್ಲ.

ಹರಿದ ಬುಷ್‌ನಲ್ಲಿ ನಿಧಾನವಾಗಿ ಗ್ಯಾರೇಜಿನವರೆಗೆ ಬರಬಹುದು. ಬಾಲ್ ಜಾಯಿಂಟ್ ಆಡುತ್ತಿದ್ದರೆ ಓಡಿಸಬೇಡಿ, ಎಳೆಸಿಕೊಂಡು ಬನ್ನಿ. ಅದು ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ, ಸ್ಟೀರಿಂಗ್ ನಿಮ್ಮ ಮಾತು ಕೇಳುವುದಿಲ್ಲ.

ಪ್ರಶ್ನೆ (ಯಲಹಂಕದ ಸದಸ್ಯರು):
ರಬ್ಬರ್ ಬದಲು ಪಾಲಿಯುರೆಥೇನ್ ಬುಷ್ ಹಾಕಿಸಿದರೆ ಹೆಚ್ಚು ಬಾಳಿಕೆ ಬರುತ್ತದೆಯೇ?

ಉತ್ತರ:
ಅದು ಗಟ್ಟಿ, ಎಣ್ಣೆಗೂ ಬೇಗ ಜಗ್ಗುವುದಿಲ್ಲ. ಆದರೆ ರಸ್ತೆಯ ಅದುರನ್ನು ಸ್ಟೀರಿಂಗಿನವರೆಗೆ ತರುತ್ತದೆ. ಮನೆಮಂದಿಯನ್ನು ಕೂರಿಸಿಕೊಂಡು ಓಡಾಡುವ ಗಾಡಿಗೆ ನಾನು ರಬ್ಬರನ್ನೇ ಹಾಕುತ್ತೇನೆ. ಬೆಂಗಳೂರಿನ ಬಿಡಿಭಾಗಗಳ ಪೇಟೆ ಜೆ.ಸಿ. ರಸ್ತೆಯಲ್ಲಿ ಕೊಳ್ಳುವುದಾದರೆ ಹಳೆಯ ಭಾಗವನ್ನು ಜೊತೆಗೆ ಒಯ್ದು, ಭಾಗದ ಸಂಖ್ಯೆ ಹೊಂದಿಸಿ, ಬಿಲ್ ಪಡೆಯಿರಿ. ಬಾಳಿಕೆ ಬೇಕಿದ್ದರೆ ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಗುಂಡಿ ತಪ್ಪಿಸಲಾಗದಿದ್ದರೆ ಅದಕ್ಕೆ ಮೊದಲೇ ವೇಗ ಇಳಿಸಿ, ಚಕ್ರ ಇಳಿಯುವ ಹೊತ್ತಿಗೆ ಬ್ರೇಕ್ ಬಿಟ್ಟಿರಿ. ಬ್ರೇಕ್ ಹಿಡಿದೇ ಗುಂಡಿಗೆ ಬಿದ್ದರೆ ಎರಡು ಹೊಡೆತವೂ ಒಟ್ಟಿಗೆ ಬುಷ್ ಮೇಲೆಯೇ.

ನಾಗರಬಾವಿಯ ಸದಸ್ಯರು, ಎರಡು ವಾರದ ನಂತರ:
ಮೇಸ್ತ್ರಿಗಳೇ, ಬೇರೆ ಗ್ಯಾರೇಜಿನಲ್ಲಿ ಬಿಚ್ಚಿಸಿದೆ. ನೀವು ಹೇಳಿದಂತೆಯೇ ನಾಲ್ಕೂ ಬುಷ್ ಒಳ ಕೊಳವೆಯ ಸುತ್ತ ಹರಿದಿದ್ದವು. ಎಡಗಡೆಯ ಬಾಲ್ ಜಾಯಿಂಟ್ ಕೂಡ ಆಡುತ್ತಿತ್ತು. ಎರಡೂ ಆರ್ಮ್ ಹೊಸದು ಹಾಕಿಸಿ, ಗಾಡಿಯನ್ನು ಹಲಗೆಯ ಮೇಲೆ ನಿಲ್ಲಿಸಿ ಬೋಲ್ಟ್ ಬಿಗಿಸಿದೆ. ನಂತರ ವೀಲ್ ಅಲೈನ್‌ಮೆಂಟ್ ಕೂಡ ಆಯಿತು. ಬ್ರೇಕಿನ ಸದ್ದು ಪೂರ್ತಿ ಹೋಗಿದೆ. ಆದರೆ ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಎಡಗಡೆ 'ಟಿಣ್' ಎನ್ನುತ್ತದೆ.

ಉತ್ತರ:
ಬಿಚ್ಚಿಸಿ ನೋಡಿದ್ದು ತುಂಬಾ ಒಳ್ಳೆಯದಾಯಿತು ಸರ್. ಈ ಸದ್ದು ಬೇರೆ. ಬಾನೆಟ್ ತೆರೆದು, ಎಂಜಿನ್ ನಿಲ್ಲಿಸಿ, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಎಡ ಸ್ಟ್ರಟ್‌ನ ತಲೆಯ ಮೇಲೆ ಅಂಗೈ ಇಡಿ. ಮತ್ತೊಬ್ಬರು ಕೀಲಿ ತಿರುಗಿಸಿ, ಬೀಗ ಬಿಡಿಸಿ ಸ್ಟೀರಿಂಗ್ ಆಡಿಸಲಿ. ಸ್ಪ್ರಿಂಗ್ ತಡೆದು ತಡೆದು ಜಿಗಿಯುವುದು ಕೈಗೆ ತಿಳಿದರೆ ಸ್ಟ್ರಟ್ ಬೇರಿಂಗ್ ಸವೆದಿದೆ. ಅದನ್ನು ಬದಲಿಸಲು ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಧನ ಬೇಕು, ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಸವೆದ ಆ ಟೈರನ್ನು ಹಿಂದಕ್ಕೆ ಹಾಕಿಸುವ ಮೊದಲು ಒಳ ಅಂಚಿನಲ್ಲಿ ರಬ್ಬರಿನೊಳಗಿನ ದಾರ ಕಾಣುತ್ತಿದೆಯೇ ನೋಡಿಕೊಳ್ಳಿ. ಕಂಡರೆ ಆ ಟೈರನ್ನು ಹಿಂದೆಯೂ ಬಳಸಬೇಡಿ.