ಗದ್ದೆ ಮೇಲಿನ ಲೇಔಟ್: ಪಿಟ್ ಮೂರೇ ವಾರಕ್ಕೆ ತುಂಬ್ತಿದೆ, ಎರಡನೇ ಹಂತಕ್ಕೆ ಏನು ಮಾಡೋಣ?

ಕೆಳಸಾಲಿನ ಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ತಾಲ್ಲೂಕು, ನರಸಾಪುರದ ಕಡೆ. ಕೈಗಾರಿಕಾ ಪ್ರದೇಶ ಬಂದ ಮೇಲೆ ಇಲ್ಲಿ ಹೊಲ ಗದ್ದೆಗಳೆಲ್ಲ ಸೈಟುಗಳಾಗ್ತಿವೆ. ನಾನಿರುವ ಲೇಔಟಿನಲ್ಲಿ 40 ಸೈಟು, ಸದ್ಯಕ್ಕೆ 14 ಮನೆ. ಯುಜಿಡಿ (ಒಳಚರಂಡಿ) ಇಲ್ಲ. ಮನೆಗೊಂದು ಪಿಟ್. ಸಿಮೆಂಟ್ ರಿಂಗು ಇಳಿಸಿದ್ದಾರೆ, 10 ಅಡಿ ಆಳ, ತಳಕ್ಕೆ ಕಾಂಕ್ರೀಟ್ ಇಲ್ಲ.

ಮನೆ ಕಟ್ಟಿ ಎರಡು ವರ್ಷ ಆಗಿಲ್ಲ, ಪಿಟ್ ಮೂರು ವಾರಕ್ಕೆ ತುಂಬುತ್ತದೆ. ಹೋದ ವಾರ ಸಕ್ಕಿಂಗ್ ಗಾಡಿ ಕರೆಸಿ ಖಾಲಿ ಮಾಡಿಸಿದೆ. ಆವತ್ತು ರಾತ್ರಿ ನಾವು ಮನೆಯಲ್ಲೇ ಇರಲಿಲ್ಲ. ಬೆಳಿಗ್ಗೆ ಬಂದು ಮುಚ್ಚಳ ಸರಿಸಿ ಟಾರ್ಚ್ ಬಿಟ್ಟು ನೋಡಿದರೆ ತಳದಲ್ಲಿ ಆಗಲೇ ಮೊಣಕಾಲುದ್ದ ನೀರು. ಕೆಳಗಿನ ಎರಡು ರಿಂಗುಗಳ ಸಂದಿಯಿಂದ ತಿಳಿನೀರು ಸಣ್ಣಗೆ ಒಸರುತ್ತಿತ್ತು. ಮೇಲಿನ ಸಾಲಿನ ಮನೆಗಳಿಗೆ ಈ ತೊಂದರೆಯೇ ಇಲ್ಲ.

ಮೇಸ್ತ್ರಿ ಇನ್ನೂ 10 ಅಡಿ ಇಳಿಸಿ ಅಂತಾರೆ. ಪಕ್ಕದ ಮನೆಯವರು ಬತ್ತಿದ ಬೋರ್‌ವೆಲ್‌ಗೆ ಬಿಟ್ಟುಬಿಡಿ ಅಂತಾರೆ.

ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ಪಕ್ಕದಲ್ಲೇ ನಮ್ಮ ದೊಡ್ಡಪ್ಪನ 3 ಎಕರೆ ಎರಡನೇ ಹಂತಕ್ಕೆ ಹೋಗ್ತಿದೆ. 30x40 ಅಳತೆಯ ಸುಮಾರು 60 ಸೈಟು. ನಕ್ಷೆ ಇನ್ನೂ ಕೊನೆ ಆಗಿಲ್ಲ. ಅಲ್ಲೂ ಇದೇ ಗೋಳು ಆಗಬಾರದು. ಈಗಲೇ ಏನು ಮಾಡಿಸಬೇಕು, ದಯವಿಟ್ಟು ಹೇಳಿ.

ಮುಳಬಾಗಿಲು ಅಕ್ಕ

ಬೋರ್‌ವೆಲ್‌ಗೆ ಮಾತ್ರ ಬಿಡಬೇಡಿ, ಕೈ ಮುಗಿದು ಕೇಳ್ತೀನಿ. ಮಲದ ನೀರನ್ನು ಸ್ವಲ್ಪವಾದರೂ ಸೋಸುವುದು ಮೇಲಿನ ಮಣ್ಣು. ಬೋರ್‌ನಲ್ಲಿ ಬಿಟ್ಟರೆ ಆ ಮಣ್ಣನ್ನೇ ತಪ್ಪಿಸಿ, ಬಂಡೆ ಬಿರುಕಿನಲ್ಲಿ ನೇರ ಊರಿನ ಕುಡಿಯುವ ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ದಾಟಿದರೆ ಎಳೆ ಮಕ್ಕಳಿಗೆ ಅಪಾಯ. ನೀರು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನಮ್ಮ ಬೀದಿಯಲ್ಲಿ ಒಬ್ಬರು ಹೀಗೇ ಬಿಟ್ಟಿದ್ದರು. ಪಕ್ಕದ ಎರಡು ಬೋರಿನ ನೀರು ನಾವು ಇವತ್ತಿಗೂ ಬಾಯಿಗೆ ಹಾಕುವುದಿಲ್ಲ.

ವಾಟ ನೋಡೋನು

ಪಿಟ್ ಆಳ ಮಾಡಿಸುವ ಮುಂಚೆ ಮೂರು ವಿಷಯ ತಿಳಿಸಿ.

ಹಳೇ ಪಹಣಿ ತೆಗೆಸಿ. ಆ ಸರ್ವೆ ನಂಬರು ತರಿಯೋ (ನೀರಾವರಿ ಗದ್ದೆ), ಖುಷ್ಕಿಯೋ (ಮಳೆ ನಂಬಿದ ಹೊಲ)? ಮೇಲಿನ ಸಾಲು ಮತ್ತು ಕೆಳಗಿನ ಸಾಲು ಎರಡೂ ನೋಡಿ.

ಇಂಗು ಪರೀಕ್ಷೆ ಮಾಡಿ. ಖರ್ಚಿಲ್ಲ. ಒಂದು ಗೇಣು ಅಗಲದ ಕುಳಿ ಮೂರಡಿ ತೋಡಿ, ತಳಕ್ಕೆ ಎರಡು ಇಂಚು ಜಲ್ಲಿ ಹಾಕಿ, ಒಂದಡಿ ನೀರು ತುಂಬಿ ರಾತ್ರಿ ಬಿಡಿ. ಮಣ್ಣು ಚೆನ್ನಾಗಿ ನೆನೆಯಬೇಕು, ಅದಕ್ಕೇ ರಾತ್ರಿ ಬಿಡುವುದು. ಮರುದಿನ ಜಲ್ಲಿ ಮೇಲೆ 15 ಸೆಂ.ಮೀ. ನೀರು ನಿಲ್ಲಿಸಿ, ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತು ಅಂತ ಸ್ಕೇಲಿನಲ್ಲಿ ಅಳೆಯಿರಿ.

ದೊಡ್ಡಪ್ಪನವರ ಜಮೀನು ಯಾವ ಕಡೆ ಇಳಿಜಾರು, ಎಷ್ಟು?

ಕೆಳಸಾಲಿನ ಮನೆ

ಎಲ್ಲ ಮಾಡಿದೆ ಸರ್, ಐದು ದಿನ ಹಿಡೀತು.

ಮೇಲಿನ ಸಾಲು ಖುಷ್ಕಿ, ರಾಗಿ ಬೆಳೀತಿದ್ದ ಹೊಲ. ನಮ್ಮ ಸಾಲು ಮತ್ತು ದೊಡ್ಡಪ್ಪನ ಜಮೀನಿನ ಬಹುಪಾಲು ತರಿ, ಕೆರೆ ಅಚ್ಚುಕಟ್ಟಿನ ಗದ್ದೆ. ಮೇಲಿನ ಸಾಲಿನ ಕುಳಿಯಲ್ಲಿ ಅರ್ಧ ಗಂಟೆಗೆ 30 ಮಿ.ಮೀ. ಇಳಿಯಿತು. ನಮ್ಮ ಹಿತ್ತಿಲಲ್ಲಿ ಬರೀ 8 ಮಿ.ಮೀ. ಕುಳಿ ತೋಡುವಾಗ ಒಂದಡಿ ಆಳಕ್ಕೆ ಗುದ್ದಲಿ ಠಣ್ ಅಂತ ಕುಪ್ಪಳಿಸುವಷ್ಟು ಗಟ್ಟಿ ಪದರ ಸಿಕ್ಕಿತು. ಅದರ ಕೆಳಗೆ ಬೂದು ಬಣ್ಣದ ಜೇಡಿ. ದೊಡ್ಡಪ್ಪನ ಜಮೀನು ಮೇಲಿನ ಗೇಟಿನಿಂದ ಕೆಳಗಿನ ಬದುವಿಗೆ 180 ಮೀಟರ್ ಉದ್ದ, ಟ್ಯೂಬ್ ಲೆವೆಲ್‌ನಲ್ಲಿ ನಾಲ್ಕಡಿ ಇಳಿತಾ ಬಂತು. ಬದುವಿನ ಆಚೆ ರಾಜಕಾಲುವೆ.

ವಾಟ ನೋಡೋನು

ಇಷ್ಟು ಶ್ರದ್ಧೆಯಿಂದ ಅಳೆದಿದ್ದಕ್ಕೆ ಧನ್ಯವಾದ. ಉತ್ತರ ನಿಮ್ಮ ಅಳತೆಯಲ್ಲೇ ಇದೆ.

ಲೆಕ್ಕ ಹೀಗೆ. ನೀರು 25 ಮಿ.ಮೀ. ಇಳಿಯೋಕೆ ಎಷ್ಟು ನಿಮಿಷ ಅಂತ ನೋಡ್ತಾರೆ. ಮೇಲಿನ ಸಾಲಿಗೆ 25 ನಿಮಿಷ. 30ರ ಒಳಗಿದ್ದರೆ ಇಂಗುಗುಂಡಿ ನಡೆಯುತ್ತದೆ. ನಿಮ್ಮ ಹಿತ್ತಿಲಿಗೆ 94 ನಿಮಿಷ. 60 ದಾಟಿದ ಮೇಲೆ ಆ ಮಣ್ಣಿಗೆ ಇಂಗುಗುಂಡಿ ಹೊಂದುವುದಿಲ್ಲ. ಎಷ್ಟು ರಿಂಗು ಇಳಿಸಿದರೂ ಅಷ್ಟೇ.

ಗುದ್ದಲಿ ಠಣ್ ಅಂದಿದ್ದು ತಲೆಮಾರುಗಳ ಉಳುಮೆ. ಭತ್ತಕ್ಕೆ ನೀರು ನಿಲ್ಲಲಿ ಅಂತಲೇ ನಿಮ್ಮ ಹಿರಿಯರು ಕೆಸರು ತುಳಿಸಿ ತುಳಿಸಿ ಆ ಪದರ ಕಟ್ಟಿದ್ದಾರೆ. ನೀರು ಇಂಗಬಾರದು ಅಂತ ತಯಾರಾದ ನೆಲದಲ್ಲಿ ನಾವೀಗ ಇಂಗಲಿ ಅಂತ ಕಾಯ್ತಿದ್ದೀವಿ. ಆ ಪದರ ಒಡೆದು ಕೆಳಗೆ ಹೋದರೂ ಪ್ರಯೋಜನ ಇಲ್ಲ. ರಿಂಗು ಸಂದಿಯಲ್ಲಿ ತಿಳಿನೀರು ಬಂತಲ್ವಾ, ಅದು ನೆಲದ ನೀರು. 2018ರಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಶುರುವಾಗಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ನಮ್ಮ ಕೆರೆಗಳಿಗೆ ಬರ್ತಿದೆ. ಕೆರೆ ತುಂಬಿ ನಿಂತರೆ ಕೆರೆ ಏರಿಯ ಕೆಳಗಿನ ಗದ್ದೆಗೆ ಜಿನುಗು ಬಂದೇ ಬರುತ್ತದೆ. ಇಂಗುಗುಂಡಿಯ ತಳಕ್ಕೂ ನೆಲದ ನೀರಿಗೂ ಕನಿಷ್ಠ 2 ಮೀಟರ್ ಅಂತರ ಇರಬೇಕು. ನಿಮ್ಮ ಪಿಟ್ ಆ ನೀರಿನಲ್ಲೇ ಕೂತಿದೆ. ಇನ್ನೂ 10 ಅಡಿ ಇಳಿಸಿದರೆ ಅದು ಪಿಟ್ ಅಲ್ಲ, ಕೊಳಚೆ ಬಾವಿ.

ನಿಮ್ಮ ಸಾಲಿನ ಮನೆಗಳು ಸದ್ಯಕ್ಕೆ ತಳ ಮುಚ್ಚಿದ, ನೀರು ಸೋರದ ಟ್ಯಾಂಕ್ ಮಾಡಿಕೊಳ್ಳಿ. ನೆಲದ ನೀರು ಮೇಲಿರುವ ಕಡೆ ಖಾಲಿ ಟ್ಯಾಂಕ್ ದೋಣಿಯಂತೆ ಮೇಲೇಳುತ್ತದೆ, ಹಾಗಾಗಿ ತಳಕ್ಕೆ ದಪ್ಪ ಕಾಂಕ್ರೀಟ್ ಬೇಕು. ತಾರಸಿಯ ಮಳೆನೀರಿನ ಪೈಪು ಅದಕ್ಕೆ ಸೇರಲೇಬಾರದು. ಶುಚಿ ಮಾಡಲು ರಕ್ಷಣಾ ಸಾಧನ ಇಲ್ಲದೆ ಟ್ಯಾಂಕ್ ಒಳಗೆ ಮನುಷ್ಯರನ್ನು ಇಳಿಸುವುದು 2013ರ ಕಾನೂನಿನಲ್ಲಿ ಅಪರಾಧ, ಜೀವಕ್ಕೂ ಸಂಚಕಾರ.

ಈಗ ದೊಡ್ಡಪ್ಪನವರ ಜಮೀನು. 60 ಮನೆ, ಮನೆಗೆ ಐದು ಜನ, ತಲೆಗೆ ದಿನಕ್ಕೆ 135 ಲೀಟರ್. ಟ್ಯಾಂಕರ್ ನೀರಲ್ಲಿ ಬದುಕುವ ನಮಗೆ ಇದು ಜಾಸ್ತಿ ಅನ್ನಿಸಬಹುದು, ಆದರೆ ಲೆಕ್ಕ ಇದಕ್ಕೇ ಹಾಕಬೇಕು. ಅದರಲ್ಲಿ ಶೇ. 80 ಕೊಳಚೆಯಾಗಿ ಬರುತ್ತದೆ. ದಿನಕ್ಕೆ 32,400 ಲೀಟರ್. ಅಷ್ಟು ನೀರು ಆ ಗದ್ದೆಯೊಳಗೆ ಇಂಗುವ ಮಾತೇ ಇಲ್ಲ. ಮನೆಗೊಂದು ಪಿಟ್ ಅನ್ನುವುದನ್ನು ಬಿಟ್ಟು ಒಂದೇ ಪೈಪ್‌ಲೈನ್, ಒಂದೇ ಶುದ್ಧೀಕರಣ ಘಟಕ ಮಾಡಿ.

ಮುಖ್ಯವಾದ ಮಾತು: ನಕ್ಷೆಯಲ್ಲಿ ಮೊದಲು ತಗ್ಗಿನ ಮೂಲೆ ಗುರುತು ಮಾಡಿ, ಅದನ್ನು ಮಾರಬೇಡಿ. ಸಾಮಾನ್ಯವಾಗಿ ಪಾರ್ಕನ್ನು ಗೇಟಿನ ಹತ್ತಿರ, ಅಂದ ಕಾಣಲಿ ಅಂತ ಇಡ್ತಾರೆ. ನೀವು ಅದನ್ನು ಕೆಳಗಿನ ಬದುವಿಗೆ ತನ್ನಿ. 150 ಮಿ.ಮೀ. ಪೈಪಿಗೆ ಮನೆಗಳು ಕಡಿಮೆ ಇರುವ ಮೊದಲ ವರ್ಷಗಳಲ್ಲಿ 1000ಕ್ಕೆ 6ರ ವಾಟ (ಇಳಿಜಾರು) ಬೇಕು, ಇಲ್ಲದಿದ್ದರೆ ಗಸಿ ನಿಲ್ಲುತ್ತದೆ. 180 ಮೀಟರಿಗೆ 1.08 ಮೀಟರ್. ನಿಮ್ಮ ನೆಲ ನಾಲ್ಕಡಿ, ಅಂದರೆ 1.2 ಮೀಟರ್ ಇಳಿದಿದೆ. ನೆಲವೇ ವಾಟ ಕೊಟ್ಟಿದೆ, ಪಂಪ್ ಬೇಡ. 30 ಮೀಟರಿಗೊಂದು ಮತ್ತು ತಿರುವಿಗೊಂದು ಚೇಂಬರ್ ಇಡಿಸಿ. ರಸ್ತೆ ಡಾಂಬರು ಆಗುವ ಮುಂಚೆ ಎಲ್ಲ ಸೈಟಿಗೂ ಕನೆಕ್ಷನ್ ಬಿಡಿಸಿ.

ಘಟಕಕ್ಕೆ ತಿಳಿಗೊಳಿಸುವ ತೊಟ್ಟಿ, ಅಡ್ಡಗೋಡೆಗಳ ತೊಟ್ಟಿ, ಕೊನೆಗೆ ಗಿಡ ನೆಟ್ಟ ಜಲ್ಲಿ ಹಾಸು. ಕರೆಂಟ್ ಹೆಚ್ಚು ಬೇಡ. ಘಟಕವನ್ನು ಎರಡು ಭಾಗ ಮಾಡಿ, ಅರ್ಧದಷ್ಟು ಮನೆಗಳು ಆಗುವವರೆಗೆ ಒಂದೇ ಓಡಿಸಿ. ಸೋಸಿದ ನೀರು ಪಾರ್ಕಿಗೆ, ಸಾಲುಮರಕ್ಕೆ. ರಾಜಕಾಲುವೆಗೆ ಕೊಳಚೆ ಬಿಡಬೇಡಿ, ಅದು ಮುಂದಿನ ಕೆರೆಗೆ ಹೋಗುತ್ತದೆ. ವಿನ್ಯಾಸ ಎಂಜಿನಿಯರ್ ಕೈಲಿ ಮಾಡಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಅನುಮತಿ ವಿಚಾರಿಸಿ.

ಕೆಳಸಾಲಿನ ಮನೆ

ರಾತ್ರಿ ಊಟ ಆದ ಮೇಲೆ ದೊಡ್ಡಪ್ಪನಿಗೆ ಪೂರ್ತಿ ಓದಿ ಹೇಳಿದೆ. ಗಟ್ಟಿ ಪದರದ ವಿಷಯ ಬಂದಾಗ "ಹೌದು ಕಣೋ, ಆ ಮಡಿಯಲ್ಲಿ ನೀರು ಕಟ್ಟಿದರೆ ಮೂರು ದಿನ ಅಲ್ಲಾಡ್ತಿರಲಿಲ್ಲ" ಅಂದರು. ಕೆಳಗಿನ ಮೂಲೆಯ ನಾಲ್ಕು ಸೈಟು ನಕ್ಷೆಯಿಂದ ತೆಗೆಯೋಕೆ ಒಪ್ಪಿದ್ದಾರೆ. ಲೇಔಟ್ ಮಾಡುವವರು ಇನ್ನೂ ಒಪ್ಪಿಲ್ಲ, ಭಾನುವಾರ ಕೂತು ಮಾತಾಡ್ತೀವಿ. ನಮ್ಮ ಸಾಲಿನ ಮನೆಗಳನ್ನೂ ಅದೇ ಲೈನಿಗೆ ಸೇರಿಸಬಹುದಾ ಅಂತ ಲೆವೆಲ್ ತೆಗೆದು ಇಲ್ಲೇ ಹಾಕ್ತೀನಿ.