‘ಟದರ್‌ಸೈಡರ್’ ಪದಕ್ಕೆ ಕನ್ನಡದಲ್ಲಿ ಏನನ್ನೋಣ?

ಬಲ್ಲವರಿಗೆ ನಮಸ್ಕಾರ. ಪಶ್ಚಿಮ ಆಸ್ಟ್ರೇಲಿಯಾದ ಇತಿಹಾಸದ ಮೇಲಿನ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಲ್ಕನೇ ಪುಟದಲ್ಲೇ ಗಾಡಿ ಹೂತುಕೊಂಡಿದೆ. ಹೂತದ್ದು ಒಂದೇ ಪದದಲ್ಲಿ: ‘ಟದರ್‌ಸೈಡರ್’. ‘ಆ ಇನ್ನೊಂದು ಕಡೆಯವ’ ಅನ್ನುವುದರ ಬಾಯಲ್ಲಿ ಸವೆದ ರೂಪ. ನಿಘಂಟಿನ ಅರ್ಥ ಅಷ್ಟೇ. ಆದರೆ ‘ಇನ್ನೊಂದು ಕಡೆಯವನು’ ಎಂದು ಬರೆದರೆ ಓದುವವರಿಗೆ ಮದುವೆಮನೆಯ ಗಂಡಿನ ಕಡೆ, ಹೆಣ್ಣಿನ ಕಡೆ ನೆನಪಾಗುತ್ತದೆ.

ಹಿನ್ನೆಲೆ ಹೇಳುತ್ತೇನೆ. 1892ರಲ್ಲಿ ಕೂಲ್‌ಗಾರ್ಡಿಯಲ್ಲಿ, ಮರುವರ್ಷ ಕಾಲ್‌ಗೂರ್ಲಿಯಲ್ಲಿ ಚಿನ್ನ ಸಿಕ್ಕಿತು. ಅದೇ ಹೊತ್ತಿಗೆ ಪೂರ್ವದ ವಿಕ್ಟೋರಿಯಾದಲ್ಲಿ ಬ್ಯಾಂಕುಗಳು ಬಾಗಿಲು ಹಾಕಿಕೊಂಡು ಜನ ಕೆಲಸವಿಲ್ಲದೆ ಕೂತಿದ್ದರು. ಹಡಗು ಹತ್ತಿ ಬಂದುಬಿಟ್ಟರು. 1891ರಲ್ಲಿ ಸುಮಾರು 50 ಸಾವಿರ ಜನರಿದ್ದ ವಸಾಹತು 1901ರ ಹೊತ್ತಿಗೆ 1 ಲಕ್ಷ 84 ಸಾವಿರ ದಾಟಿತು. 1829ರಿಂದ ಸ್ವಾನ್ ನದಿಯ ದಡದಲ್ಲಿ ಬೇರುಬಿಟ್ಟಿದ್ದ ಹಳಬರಿಗೆ ತಮ್ಮ ಮನೆಯಲ್ಲಿ ತಾವೇ ನೆಂಟರಾದ ಹಾಗಾಯಿತು. ಬಂದವರನ್ನು ಅವರು ‘ಟದರ್‌ಸೈಡರ್’ ಅಂದರು. ಬಂದವರು ಅವರನ್ನು ‘ಸ್ಯಾಂಡ್‌ಗ್ರೋಪರ್’ ಅಂದರು. ಅದು ಮರಳಲ್ಲಿ ಬಿಲ ಕೊರೆಯುವ ಒಂದು ಹುಳುವಿನ ಹೆಸರೂ ಹೌದು. (ಈ ಎರಡನೆಯದನ್ನು ‘ಮರಳುಹುಳು’ ಎಂದು ಮಾಡಿ ಕೈತೊಳೆದುಕೊಂಡಿದ್ದೇನೆ. ಯಾರಾದರೂ ಬೈಯುವುದಿದ್ದರೆ ಈಗಲೇ ಬೈಯಿರಿ.)

ಮೊದಲು ತೋಚಿದ್ದು ‘ಘಟ್ಟದವರು’. ನಾನು ಕುಂದಾಪುರದ ಕಡೆಯವನು. ಸಂತೆಯಲ್ಲಿ ನೀರುಳ್ಳಿ ಮಾರುವವನು ಬಾಯಿ ಬಿಟ್ಟು ‘ಈರುಳ್ಳಿ’ ಅಂದರೆ ಸಾಕು, ನಮ್ಮ ಅಜ್ಜಿ ‘ಗಟ್ಟದ್ ಮೇಲಿನೋರು’ ಅಂತ ತೀರ್ಪು ಕೊಟ್ಟು ತಕ್ಕಡಿಯ ಕಡೆ ಒಂದು ಕಣ್ಣು ಇಡುತ್ತಿದ್ದಳು. ಅದರಲ್ಲಿ ದ್ವೇಷವಿಲ್ಲ, ಪೂರ್ತಿ ಸಲಿಗೆಯೂ ಇಲ್ಲ. ಟದರ್‌ಸೈಡರ್‌ನ ದನಿಯೂ ಬಹುಮಟ್ಟಿಗೆ ಅದೇ. ಆದರೆ ಅಲ್ಲಿ ಘಟ್ಟವೆಲ್ಲಿದೆ? ನಡುವೆ ಇರುವುದು ನಲ್ಲರ್‌ಬೋರ್, ಮರವೇ ಇಲ್ಲದ ಬಟಾಬಯಲು. ಲ್ಯಾಟಿನ್ನಿನಿಂದ ಕಟ್ಟಿದ ಆ ಹೆಸರಿನ ಅರ್ಥವೇ ‘ಮರವಿಲ್ಲದ್ದು’. ಅದರ ಮೇಲೆ ರೈಲು ಹಾಯ್ದದ್ದು 1917ರಲ್ಲಿ. ಅಲ್ಲಿಯವರೆಗೆ ಹೆಚ್ಚಿನವರು ಸಮುದ್ರ ಸುತ್ತಿ ಬಂದವರು. ಘಟ್ಟ ಇಳಿಸಿದರೆ ಭೂಗೋಳ ಸುಳ್ಳಾಗುತ್ತದೆ.

‘ವಲಸಿಗರು’ ಸರ್ಕಾರಿ ಕಾಗದದ ಮಾತು. ‘ಹೊರಗಿನವರು’ ಅಂದರೆ ಹಗೆ ಜಾಸ್ತಿಯಾಯಿತು. ಮೇಲಾಗಿ, ಈ ಜನ ಹೊರಗೆ ಉಳಿಯಲೇ ಇಲ್ಲ. ಆಸ್ಟ್ರೇಲಿಯಾದ ಒಕ್ಕೂಟ ಸೇರಲು ಹಳಬರು ಮೀನಮೇಷ ಎಣಿಸುತ್ತಿದ್ದಾಗ, ‘ನಮ್ಮ ಗಣಿಸೀಮೆಯನ್ನೇ ಬೇರೆ ವಸಾಹತು ಮಾಡಿ, ಆರೇಲಿಯಾ ಅಂತ ಹೆಸರಿಡಿ, ನಾವು ಸೇರಿಕೊಳ್ಳುತ್ತೇವೆ’ ಎಂದು ಲಂಡನ್ನಿಗೆ ಅರ್ಜಿ ಹಾಕಿದವರು ಇವರು. 1900ರ ಜುಲೈ 31ರ ಮತದಾನದಲ್ಲಿ ‘ಸೇರೋಣ’ ಗೆದ್ದದ್ದರಲ್ಲಿ ಇವರ ಪಾಲು ದೊಡ್ಡದು. ಸಂವಿಧಾನದ ಕಾಯ್ದೆಗೆ ಅಷ್ಟರಲ್ಲಿ ರಾಣಿಯ ಅಂಕಿತ ಬಿದ್ದಾಗಿತ್ತು. ಹಾಗಾಗಿ ಅದರ ಪೀಠಿಕೆಯಲ್ಲಿ ಉಳಿದ ಐದು ವಸಾಹತುಗಳ ಹೆಸರಿದೆ, ಪಶ್ಚಿಮ ಆಸ್ಟ್ರೇಲಿಯಾದ್ದು ಇವತ್ತಿಗೂ ಇಲ್ಲ. 1933ರಲ್ಲಿ ಒಕ್ಕೂಟದಿಂದ ಬೇರೆಯಾಗಬೇಕೇ ಎಂದು ಕೇಳಿದಾಗ ರಾಜ್ಯದ ಮೂರರಲ್ಲಿ ಎರಡು ಪಾಲು ಹೌದೆಂದಿತು, ಗಣಿಸೀಮೆ ಆಗಲೂ ಬೇಡವೆಂದಿತು. ಬೇರೆಯಾಗಲು ರಾಜ್ಯ ಸಲ್ಲಿಸಿದ ಅರ್ಜಿಯನ್ನು ಬ್ರಿಟಿಷ್ ಪಾರ್ಲಿಮೆಂಟ್ ಕೈಗೆತ್ತಿಕೊಳ್ಳಲಿಲ್ಲ.

ಪದ ಈಗ ಹಳತಾಗಿದೆ, ಭಾವ ಹೋಗಿಲ್ಲ. ಪರ್ತ್‌ನಲ್ಲಿರುವ ಗೆಳತಿಯೊಬ್ಬಳು ಸಿಡ್ನಿ, ಮೆಲ್ಬರ್ನ್ ಎಲ್ಲವನ್ನೂ ಸೇರಿಸಿ ‘ಓವರ್ ಈಸ್ಟ್’ ಅನ್ನುತ್ತಾಳೆ. ಬೇಸಿಗೆಯಲ್ಲಿ ಅವರ ಗಡಿಯಾರ ಮೂರು ಗಂಟೆ ಮುಂದೆ. “ಅವ್ರು ಒಂಬತ್ತಕ್ಕೆ ಮೀಟಿಂಗ್ ಅಂತಾರೆ, ನಾನಿಲ್ಲಿ ಆರಕ್ಕೆ ಎದ್ದು ಕೂತಿರ್ಬೇಕು. ಓವರ್ ಈಸ್ಟ್‌ನೋರಿಗೆ ಅದೆಲ್ಲ ಗೊತ್ತಾಗಲ್ಲ,” ಅಂದಳು. ಹಾಸನದವಳು, ಹೋಗಿ ಆರೇ ವರ್ಷ!

ಅವಳ ಮಾತು ಕೇಳಿದ ಮೇಲೆ ‘ಮೂಡಲಸೀಮೆಯವರು’ ಅನ್ನುವುದರ ಕಡೆ ವಾಲಿದ್ದೇನೆ. ದಿಕ್ಕು ಸರಿಹೊಂದುತ್ತದೆ. ಮೂಡಲಪಾಯ, ಪಡುವಲಪಾಯ ಕೇಳಿದವರಿಗೆ ಕಿವಿಗೂ ಒಗ್ಗುತ್ತದೆ. ಒಂದೇ ಅಳುಕು: ಇದು ತೀರಾ ನಮ್ಮೂರಿನದಾಗಿ, ಕಾಲ್‌ಗೂರ್ಲಿಯ ಧೂಳಿನಲ್ಲಿ ಜೋಳದ ಹೊಲ ಕಾಣಿಸಿಬಿಟ್ಟರೆ?

‘ಆಚೆಯವರು’ ಕೂಡ ಪಟ್ಟಿಯಲ್ಲಿತ್ತು. ಅದನ್ನು ಬೇರೆ ಕಡೆಗೆ ಎತ್ತಿಟ್ಟಿದ್ದೇನೆ. ಆ ನೆಲದ ನೈಋತ್ಯ ಮೂಲೆಯ ಮೂಲನಿವಾಸಿಗಳಾದ ನೂಂಗಾರ್ ಜನ ಕಡಲಿನಿಂದ ಬಂದ ಬಿಳಿಯರನ್ನು ಮೊದಮೊದಲು ‘ಜಂಗ’ ಎಂದು ಕರೆದರಂತೆ. ಪಡುವಣ ಕಡಲಾಚೆಗೆ ಹೋದ ಸತ್ತವರು ಮರಳಿ ಬಂದಿದ್ದಾರೆ ಎಂದು ತಿಳಿದು. ಅವರ ಲೆಕ್ಕದಲ್ಲಿ ಮರಳುಹುಳುಗಳೂ ಟದರ್‌ಸೈಡರ್‌ಗಳೂ ಇಬ್ಬರೂ ಆಚೆಯವರೇ. ಆ ಪ್ಯಾರಾ ಬಂದಾಗ ನನಗೆ ಆ ಪದ ಬೇಕಾಗುತ್ತದೆ.

ಸಿರಸಿ, ಸಾಗರ, ತೀರ್ಥಹಳ್ಳಿ ಕಡೆಯವರು ಒಂದು ಹೇಳಿ: ನಿಮ್ಮ ಮನೆಗಳಲ್ಲಿ ‘ಮೂಡಲಸೀಮೆಯೋರು’ ಅಂದಾಗ ಅದು ಬರೀ ದಿಕ್ಕೋ, ಅದರಲ್ಲಿ ಸಣ್ಣದೊಂದು ಚುಚ್ಚೂ ಇರುತ್ತದೋ? ಚುಚ್ಚು ಇದ್ದರೆ ಮಾತ್ರ ನನಗೆ ಉಪಯೋಗ.