‘ಕೆಸಿಎಲ್ ಹಾಕಿ’, ‘ಬಾಟ್ಲಿ ಚೇಂಜ್ ಮಾಡಿ’: ಇದಕ್ಕೆ ಸರಿಯಾದ ಕ್ರಿಯಾಪದ ಯಾವ್ದು?

ಎಲ್ಲರಿಗೂ ನಮಸ್ಕಾರ. ವಾರ್ಡಿನ ಟ್ರೀಟ್‌ಮೆಂಟ್ ರೂಮಲ್ಲಿ ಅಂಟಿಸೋಕೆ ಕನ್ನಡದಲ್ಲಿ ಒಂದು ಹಾಳೆ ಮಾಡ್ತಿದೀವಿ, ಐವಿ ಫ್ಲೂಯಿಡ್ (ರಕ್ತನಾಳಕ್ಕೆ ಹನಿಹನಿಯಾಗಿ ಬಿಡೋ ಡ್ರಿಪ್) ರೆಡಿ ಮಾಡೋದು ಮತ್ತೆ ಬಾಟ್ಲಿ ಬದಲಾಯಿಸೋದು ಹೇಗೆ ಅಂತ. ನರ್ಸಿಂಗ್ ಓದೋದೆಲ್ಲ ಇಂಗ್ಲಿಷಲ್ಲೇ, ಹಾಗಾಗಿ ಇಷ್ಟು ದಿನ ಗೋಡೆ ಮೇಲಿದ್ದಿದ್ದೂ ಇಂಗ್ಲಿಷ್ ಹಾಳೆನೇ. ಆದ್ರೆ ರಾತ್ರಿ ಡ್ಯೂಟೀಲಿ ಒಬ್ರಿಗೊಬ್ರು ಕೂಗಿ ಹೇಳೋದು ಕನ್ನಡದಲ್ಲಿ, ಕೇರಳದಿಂದ ಬಂದ ಸಿಸ್ಟರ್‌ಗಳೂ ಸ್ವಲ್ಪ ದಿನಕ್ಕೆ ಕನ್ನಡದಲ್ಲೇ ಕೂಗೋಕೆ ಶುರು ಮಾಡ್ತಾರೆ. ಕೈಗೆ ಕೆಲಸ ಹೇಳೋ ಮಾತು ಯಾವ ಭಾಷೇಲಿದ್ಯೋ ಹಾಳೆನೂ ಅದ್ರಲ್ಲೇ ಇರ್ಲಿ ಅಂತ ಹೊರಟ್ವಿ, ಈಗ ಸಿಕ್ಕಾಕೊಂಡಿದೀವಿ.

ಮೊದಲೇ ಹೇಳ್ಬಿಡ್ತೀನಿ, ನಾಮಪದಗಳು ಬೇಡ. ಕ್ಯಾನುಲಾ (ರಕ್ತನಾಳದೊಳಗೆ ಇರೋ ಸಣ್ಣ ನಳಿಕೆ), ಸೆಟ್ (ಬಾಟ್ಲಿಯಿಂದ ಕೈವರೆಗಿನ ಪೈಪು), ಚೇಂಬರ್ (ಅದ್ರಲ್ಲಿ ಹನಿ ಬೀಳೋ ಭಾಗ), ರೋಲರ್ (ಹನಿ ಹೆಚ್ಚು ಕಮ್ಮಿ ಮಾಡೋ ಚಕ್ರ), ಪೋರ್ಟ್ (ಔಷಧಿ ಬಿಡೋ ಬಾಯಿ), ಇವು ಹಾಗೇ ಇರ್ತವೆ. ‘ಅಭಿಧಮನಿಯೊಳಗಣ ದ್ರಾವಣ’ ಅಂತ ಬರೆದ್ರೆ ಓದೋರು ಹಾಳೆ ಕಡೆ ತಿರುಗೂ ನೋಡಲ್ಲ. ನಮ್ಮ ತಕರಾರು ಕ್ರಿಯಾಪದದ್ದು, ಅದ್ರಲ್ಲೂ ಎರಡರದ್ದು: ‘ಹಾಕು’ ಮತ್ತೆ ‘ಚೇಂಜ್ ಮಾಡು’.

‘ಹಾಕು’ ನೋಡಿ. ಬಾಟ್ಲಿ ಹಾಕು, ಕ್ಯಾನುಲಾ ಹಾಕು, ಇಂಜೆಕ್ಷನ್ ಹಾಕು, ಕೆಸಿಎಲ್ ಹಾಕು. ನಾಲ್ಕೂ ಬೇರೆ ಬೇರೆ ಕೆಲಸ. ಒಂದು ಸ್ಟ್ಯಾಂಡಿಗೆ ತೂಗುಹಾಕೋದು, ಇನ್ನೊಂದು ಚರ್ಮಕ್ಕೆ ಚುಚ್ಚೋದು, ಮೂರನೇದು ಪೋರ್ಟ್ ಮೂಲಕ ರಕ್ತಕ್ಕೆ ಬಿಡೋದು, ನಾಲ್ಕನೇದು ಬಾಟ್ಲಿಯೊಳಗಡೆ ಬೆರೆಸೋದು. ಮೊದಲ ಎರಡರಲ್ಲಿ ಅರ್ಥ ಏರುಪೇರಾದ್ರೂ ನಡೆಯುತ್ತೆ, ಕೊನೇ ಎರಡರಲ್ಲಿ ನಡೆಯಲ್ಲ. ಕೆಸಿಎಲ್ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡ್, ನಮ್ಮಲ್ಲಿ ಸಾಮಾನ್ಯವಾಗಿ ಬರೋ 10 ಎಂಎಲ್ ಆಂಪ್ಯೂಲಲ್ಲಿ 20 ಎಂಇಕ್ಯೂ (ಮಿಲಿ ಈಕ್ವಿವಲೆಂಟ್, ಪೊಟ್ಯಾಸಿಯಂ ಅಳೆಯೋ ಮಾನ) ಇರುತ್ತೆ, ಅದನ್ನ ಡೈಲ್ಯೂಟ್ ಮಾಡ್ದೆ ನೇರವಾಗಿ ಪೋರ್ಟಲ್ಲಿ ತಳ್ಳಿದ್ರೆ ಹೃದಯ ಅಲ್ಲೇ ನಿಂತು ಹೋಗಬಹುದು. ‘20 ಕೆಸಿಎಲ್ ಹಾಕ್ಬಿಡಿ ಸಿಸ್ಟರ್’ ಅಂತ ಹೇಳಿದ್ದನ್ನ ಹೊಸಬರು ಹೇಗೆ ಬೇಕಾದ್ರೂ ಅರ್ಥ ಮಾಡ್ಕೊಬಹುದು, ಯಾಕಂದ್ರೆ ಅದೇ ಟ್ರೇ ಮೇಲಿರೋ ಆಂಟಿಬಯೋಟಿಕ್‌ಗೂ ‘ಹಾಕಿ’ ಅಂತಾನೇ ಹೇಳಿರ್ತಾರೆ. ಹಾಗಾಗಿ ಹಾಳೇಲಿ ‘ಬೆರೆಸಿ’ ಅಂತ ಬರೆದ್ವಿ. ಆದ್ರೆ ಬರೀ ಬೆರೆಸಿ ಸಾಲಲ್ಲ, ತೂಗಾಡ್ತಿರೋ ಬಾಟ್ಲಿಗೇ ಸಿರಿಂಜಲ್ಲಿ ಬಿಟ್ಟು ಸುಮ್ನಾದ್ರೆ ಕೆಸಿಎಲ್ ಭಾರ ಇರೋದ್ರಿಂದ ಕೆಳಗೆ ಬಾಯಿ ಹತ್ರ ಕೂತ್ಕೊಳುತ್ತೆ, ಸೆಟ್ಟಿಗೆ ಮೊದಲು ಇಳಿಯೋದು ಅದೇ ಗಟ್ಟಿ ಭಾಗ. ರೋಲರ್ ಮುಚ್ಚಿ, ಬಾಟ್ಲಿ ಕೆಳಗಿಳಿಸಿ, ಕೆಸಿಎಲ್ ಒಳಗೆ ಬಿಟ್ಟು, ನಾಲ್ಕಾರು ಸಲ ತಲೆಕೆಳಗು ಮಾಡಿ, ಏನು ಬೆರೆಸಿದೀವಿ ಎಷ್ಟು ಬೆರೆಸಿದೀವಿ ಎಷ್ಟೊತ್ತಿಗೆ ಅಂತ ಲೇಬಲ್ ಅಂಟಿಸಿ ಸೈನ್ ಮಾಡಿ, ಆಮೇಲೆ ತೂಗುಹಾಕ್ಬೇಕು. ಈ ‘ಬಿಟ್ಟು ತಲೆಕೆಳಗು ಮಾಡಿ ಚೆನ್ನಾಗಿ ಬೆರೆಸೋದು’ ಅನ್ನೋ ಪೂರ್ತಿ ಕ್ರಿಯೆಗೆ ಒಂದೇ ಮಾತು ನಿಮ್ಮ ಕಡೆ ಇದ್ಯಾ? ಕಲಸು ಅಂದ್ರೆ ಅನ್ನ ನೆನಪಾಗುತ್ತೆ, ಕುಲುಕು ಅಂದ್ರೆ ಟಾನಿಕ್ ಬಾಟ್ಲಿ.

ಇನ್ನು ‘ಚೇಂಜ್ ಮಾಡು’. ಇದು ಇನ್ನೂ ಗೋಜಲು, ಇದಕ್ಕೆ ಮೂರು ಅರ್ಥ.

ಒಂದನೇದು, ಖಾಲಿಯಾಗ್ತಿರೋ ಬಾಟ್ಲಿ ತೆಗೆದು ಅದೇ ಫ್ಲೂಯಿಡ್‌ದು ಹೊಸ ಬಾಟ್ಲಿ. ಇಲ್ಲಿ ಮುಖ್ಯ ವಿಷ್ಯ ಪೂರ್ತಿ ಖಾಲಿ ಆಗೋಕೆ ಬಿಡ್ಬಾರ್ದು, ಚೇಂಬರಲ್ಲಿ ಇನ್ನೂ ನೀರು ಇರೋವಾಗ್ಲೇ ರೋಲರ್ ಮುಚ್ಚಿ, ಹೊಸ ಬಾಟ್ಲಿ ಹೆಸರು ತಾರೀಖು ಓದಿ, ಬೆಳಕಿಗೆ ಹಿಡಿದು ಒಳಗೆ ಏನಾದ್ರೂ ತೇಲ್ತಿದ್ಯಾ ನೋಡಿ, ಹಿಂಡಿ ಸೋರುತ್ತಾ ನೋಡಿ, ಸ್ಪೈಕ್ (ಬಾಟ್ಲಿಗೆ ಚುಚ್ಚೋ ಸೆಟ್ಟಿನ ಚೂಪು ತುದಿ) ಕೈ ತಾಗಿಸ್ದೆ ಚುಚ್ಚಿ, ಹನಿ ಎಣಿಸಿ ಬಿಡೋದು. ತಡ ಆದ್ರೆ ಪೈಪಲ್ಲಿ ಗಾಳಿ ಇಳಿದಿರುತ್ತೆ, ಕ್ಯಾನುಲಾ ಒಳಗೆ ರಕ್ತ ಗಟ್ಟಿಯಾಗಿರುತ್ತೆ, ‘ಸಿಸ್ಟರ್, ರಕ್ತ ವಾಪಸ್ ಬರ್ತಿದೆ’ ಅಂತ ರೋಗಿ ಕಡೆಯವರು ಓಡಿ ಬರ್ತಾರೆ.

ಎರಡನೇದು, ಫ್ಲೂಯಿಡ್ಡೇ ಬೇರೆ ಆಗೋದು. ಎನ್‌ಎಸ್‌ನಿಂದ (ನಾರ್ಮಲ್ ಸಲೈನ್, ಉಪ್ಪುನೀರು) ಆರ್‌ಎಲ್‌ಗೆ (ರಿಂಗರ್ ಲ್ಯಾಕ್ಟೇಟ್) ಅಂದ್ಕೊಳಿ. ಹಳೇದು ಇನ್ನೂ ಅರ್ಧ ಇದ್ರೂ ತೆಗೀಬೇಕಾಗಬಹುದು, ಪೈಪಲ್ಲಿ ಉಳಿದಿರೋ ಹಳೇದರ ಲೆಕ್ಕಾನೂ ಇಟ್ಕೋಬೇಕು. ಆರ್‌ಎಲ್‌ನಲ್ಲಿ ಕ್ಯಾಲ್ಸಿಯಂ ಇದೆ, ಅದು ಸೆಫ್ಟ್ರಿಯಾಕ್ಸೋನ್ ಅನ್ನೋ ಆಂಟಿಬಯೋಟಿಕ್ ಜೊತೆ ಸೇರಿದ್ರೆ ಬಿಳಿ ಹರಳು ಕಟ್ಟುತ್ತೆ, ಅದಕ್ಕೇ ಒಂದೇ ಲೈನಲ್ಲಿ ಒಟ್ಟಿಗೆ ಬಿಡೋ ಹಾಗಿಲ್ಲ, ಮಧ್ಯೆ ಎನ್‌ಎಸ್ ಹಾಯಿಸಿ ತೊಳೀಬೇಕು, ಹಸುಗೂಸುಗಳಲ್ಲಂತೂ ಈ ಜೋಡಿ ಪೂರ್ತಿ ನಿಷಿದ್ಧ. ರಕ್ತದ ಜೊತೆಗೂ ಅಷ್ಟೇ, ಎನ್‌ಎಸ್ ಬಿಟ್ರೆ ಬೇರೆದು ಅದೇ ಲೈನಲ್ಲಿ ಹೋಗ್ಬಾರ್ದು.

ಮೂರನೇದು, ಸೆಟ್ಟನ್ನೇ ಬದಲಾಯಿಸೋದು, ಅಂದ್ರೆ ಪೈಪು ಚೇಂಬರ್ ಎಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2011ರ ಮಾರ್ಗಸೂಚಿ ಪ್ರಕಾರ ಸತತವಾಗಿ ಓಡ್ತಿರೋ ಮಾಮೂಲಿ ಫ್ಲೂಯಿಡ್ ಸೆಟ್ಟನ್ನ 96 ಗಂಟೆಗಿಂತ ಮುಂಚೆ ಬದಲಾಯಿಸ್ಬೇಕಿಲ್ಲ, 7 ದಿನ ದಾಟಿಸಬಾರ್ದು. ರಕ್ತ ಅಥವಾ ಕೊಬ್ಬಿನ ಫ್ಲೂಯಿಡ್ ಹೋಗಿದ್ರೆ 24 ಗಂಟೆ ಒಳಗೆ.

ಈಗ ಕೇಸ್‌ಶೀಟಲ್ಲಿ ಅಥವಾ ಬಾಯಲ್ಲಿ ‘8ಕ್ಕೆ ಚೇಂಜ್ ಮಾಡಿ’ ಅಂದ್ರೆ ಈ ಮೂರರಲ್ಲಿ ಯಾವ್ದು? ಹಳಬರಿಗೆ ಸಂದರ್ಭ ನೋಡಿ ಗೊತ್ತಾಗುತ್ತೆ, ಹೊಸಬರಿಗೆ ಗೊತ್ತಾಗಲ್ಲ, ಕೇಳೋಕೂ ಹಿಂಜರೀತಾರೆ. ನಾವು ಸದ್ಯಕ್ಕೆ ಮೊದಲನೇದಕ್ಕೆ ‘ಮುಂದಿನ ಬಾಟ್ಲಿ ಏರಿಸಿ’, ಎರಡನೇದಕ್ಕೆ ‘ಇದನ್ನ ನಿಲ್ಲಿಸಿ ಅದನ್ನ ಶುರು ಮಾಡಿ’, ಮೂರನೇದಕ್ಕೆ ‘ಹೊಸ ಸೆಟ್ ಜೋಡಿಸಿ’ ಅಂತ ಬರೆದಿದೀವಿ. ಎರಡನೇದು ಉದ್ದ ಆಯ್ತು ಅಂತ ಕೆಲವರ ಆಕ್ಷೇಪ. ನಂಗೇನೋ ಉದ್ದ ಇರೋದೇ ವಾಸಿ ಅನ್ಸುತ್ತೆ, ಏನು ನಿಲ್ಲುತ್ತೆ ಏನು ಶುರುವಾಗುತ್ತೆ ಎರಡೂ ಬಾಯಲ್ಲಿ ಬಂದ್ರೆ ಎದುರಿಗಿರೋರು ‘ಹೌದಾ?’ ಅಂತ ಒಂದ್ಸಲ ನೋಡ್ತಾರೆ. ಇದಕ್ಕಿಂತ ಚಿಕ್ಕದು ಹೊಳೆದ್ರೆ ತಿಳಿಸಿ.

ಗಾಳಿ ವಿಷ್ಯದಲ್ಲೂ ಒಂದು ತಮಾಷೆ ಇದೆ. ಹೊಸ ಸೆಟ್ಟಿನ ಪೈಪ್ ತುಂಬ ಫ್ಲೂಯಿಡ್ ಹರಿಸಿ ಗಾಳಿ ಹೊರಗೆ ಕಳಿಸೋದಕ್ಕೆ ಪ್ರೈಮಿಂಗ್ ಅಂತಾರೆ, ನಮ್ಮೋರ ಬಾಯಲ್ಲಿ ಅದು ‘ಏರ್ ತೆಗಿಯೋದು’. ತೋಟದ ಮೋಟ್ರು ಏರ್ ಹಿಡ್ಕೊಂಡಾಗ ನೀರು ಹೊಯ್ದು ಏರ್ ತೆಗೀತಾರಲ್ಲ, ಅದೇ ಮಾತು, ಇಂಗ್ಲಿಷಲ್ಲೂ ಎರಡಕ್ಕೂ ಒಂದೇ ಪದ, ಹಾಗಾಗಿ ಇದನ್ನ ಹಾಗೇ ಉಳಿಸಿದ್ವಿ. ಆದ್ರೆ ಗಟ್ಟಿ ಪ್ಲಾಸ್ಟಿಕ್ ಬಾಟ್ಲಿ ಸರಿಯಾಗಿ ಇಳೀದೆ ಇದ್ದಾಗ ಮೇಲ್ಗಡೆ ಒಂದು ಸೂಜಿ ಚುಚ್ಚಿ ‘ಏರ್ ಕೊಡೋದು’ ಅಂತ ಇನ್ನೊಂದು ಅಭ್ಯಾಸ ಇದೆ. ಆ ಸೂಜಿ ತೂತಿಂದ ವಾರ್ಡಿನ ಧೂಳು, ಕ್ರಿಮಿ ಎಲ್ಲ ನೇರ ಒಳಗೆ, ಇದನ್ನ ಮಾಡ್ಲೇಬಾರ್ದು, ಫಿಲ್ಟರ್ ಇರೋ ಏರ್ ವೆಂಟ್ ಸೆಟ್ ಬಳಸ್ಬೇಕು, ಮೆತ್ತಗಿನ ಬ್ಯಾಗಿಗೆ ಅದೂ ಬೇಡ, ತಾನೇ ಮುದುಡ್ಕೊಂಡು ಇಳಿಯುತ್ತೆ. ಒಂದೇ ಹಾಳೇಲಿ ‘ಏರ್ ತೆಗೆಯಿರಿ’, ಮೂರು ಸಾಲು ಬಿಟ್ಟು ‘ಏರ್ ಕೊಡಬೇಡಿ’ ಅಂತ ಬಂದ್ರೆ ಓದೋರಿಗೆ ತಲೆ ಕೆಡುತ್ತೆ. ‘ಬಾಟ್ಲಿಗೆ ಸೂಜಿ ಚುಚ್ಚಬೇಡಿ’ ಅಂತ ಮಾಡಿದೀವಿ, ಸಾಕಾಗುತ್ತಾ?

‘ಹನಿ’ಗೂ ಸ್ವಲ್ಪ ಕಷ್ಟ ಇದೆ. ಮಾಮೂಲಿ ಸೆಟ್ಟಲ್ಲಿ 1 ಎಂಎಲ್‌ಗೆ 20 ಹನಿ (ಕೆಲವು ಸೆಟ್ಟಲ್ಲಿ 15, ಕವರ್ ಮೇಲೆ ಬರೆದಿರ್ತಾರೆ), ಮೈಕ್ರೋ ಸೆಟ್ಟಲ್ಲಿ 60. ‘ನಿಮಿಷಕ್ಕೆ 40 ಹನಿ’ ಅಂದ್ರೆ ಮೊದಲನೇದ್ರಲ್ಲಿ ಗಂಟೆಗೆ 120 ಎಂಎಲ್ ಹೋಯ್ತು, ಎರಡನೇದ್ರಲ್ಲಿ ಬರೀ 40. ಮಗುಗೆ ತಪ್ಪು ಸೆಟ್ ಹಾಕಿ ಅದೇ ಹನಿ ಎಣಿಸಿದ್ರೆ ಮೂರುಪಟ್ಟು. ಹಾಗಾಗಿ ‘ದಪ್ಪ ಹನಿ’, ‘ಸಣ್ಣ ಹನಿ’ ಅಂತ ಬರೆಯೋಣ ಅಂದ್ಕೊಂಡಿದೀವಿ, ವಿರೋಧ ಇದ್ರೆ ಹೇಳಿ.

ನಾಮಪದ ಬೇಡ ಅಂದೆ, ಆದ್ರೂ ಕಡೆಯವರಿಗೆ ಅಂತ ಹಾಳೆಯ ಹಿಂದುಗಡೆ ನಾಲ್ಕು ಸಾಲು ಇರೋದ್ರಿಂದ ಎರಡನ್ನ ಕೇಳ್ದೆ ವಿಧಿ ಇಲ್ಲ. ಜನಕ್ಕೆ ತೂಗಾಡೋ ಬಾಟ್ಲಿ ಎಲ್ಲಾನೂ ‘ಗ್ಲೂಕೋಸೇ’. ‘ನಮ್ಮ ಅತ್ತೆಗೆ ಶುಗರ್ ಇದೆ, ಗ್ಲೂಕೋಸ್ ಹಾಕ್ಬೇಡಿ’ ಅಂತ ಎನ್‌ಎಸ್ ಬಾಟ್ಲಿ ತೋರಿಸಿ ಜಗಳಕ್ಕೆ ಬರ್ತಾರೆ, ಅದ್ರಲ್ಲಿರೋದು ಲೀಟರಿಗೆ 9 ಗ್ರಾಂ ಉಪ್ಪು, ಸಕ್ಕರೆ ಅಂಶಾನೇ ಇಲ್ಲ. ಪಕ್ಕದಲ್ಲೇ ನೋಡೋಕೆ ಅಂಥದ್ದೇ ಆಗಿರೋ ಡಿಎನ್‌ಎಸ್‌ನ (ಉಪ್ಪುನೀರಿಗೆ ಗ್ಲೂಕೋಸ್ ಸೇರಿರೋದು) 500 ಎಂಎಲ್‌ನಲ್ಲಿ 25 ಗ್ರಾಂ ಗ್ಲೂಕೋಸ್ ಇರುತ್ತೆ. ‘ಉಪ್ಪುನೀರಿನ ಬಾಟ್ಲಿ’ ಅಂದ್ರೆ ಜನ ಒಪ್ತಾರಾ, ಇಲ್ಲ ಉಪ್ಪುನೀರಿಗೆ ಇಷ್ಟು ಬಿಲ್ಲಾ ಅಂತ ಇನ್ನೊಂದು ಜಗಳ ಆಗುತ್ತಾ? ‘ಸಾಮಾನ್ಯ ಲವಣ ದ್ರಾವಣ’ ಅಂತ ಯಾರೋ ಸೂಚಿಸಿದ್ರು, ನಾರ್ಮಲ್ ಸಲೈನಿನ ನಾರ್ಮಲ್ ಅಂದ್ರೆ ಸಾಮಾನ್ಯ ಅಂತಲ್ಲ, ಕೆಮಿಸ್ಟ್ರೀಲಿ ಹೇಳೋ ಒನ್ ನಾರ್ಮಲ್ ಕೂಡ ಅಲ್ಲ (ಅದಾದ್ರೆ ಲೀಟರಿಗೆ 58.5 ಗ್ರಾಂ ಬೇಕು), ಹಾಗಾಗಿ ಕೈಬಿಟ್ವಿ. ಇನ್ನೊಂದು ‘ನರ’. ‘ನರ ಸಿಗ್ತಿಲ್ಲ’, ‘ನರ ಊದ್ಕೊಂಡಿದೆ’ ಅಂತ ಎಲ್ಲರೂ ಅನ್ನೋದು ರಕ್ತನಾಳಕ್ಕೆ, ಪಠ್ಯಪುಸ್ತಕದ ನರ ಬೇರೆ. ‘ಸೂಜಿ ಇರೋ ಜಾಗ ಊದ್ಕೊಂಡ್ರೆ, ಕೆಂಪಾದ್ರೆ, ಉರಿದ್ರೆ ಕೂಡ್ಲೇ ಕರೀರಿ’ ಅಂತ ಬರೆದು ಆ ಪದವನ್ನೇ ತಪ್ಪಿಸ್ಕೊಂಡಿದೀವಿ.

ಉತ್ತರ ಕರ್ನಾಟಕದೋರಿಗೆ ವಿಶೇಷವಾಗಿ ಒಂದು ಪ್ರಶ್ನೆ. ನಿಮ್ಮ ಕಡೆ ‘ಸಲಾಯಿನ್ ಹಚ್ಚ್ಯಾರ’, ‘ಇಂಜೆಕ್ಷನ್ ಮಾಡ್ಯಾರ’ ಅಂತೀರಲ್ಲ, ಬಾಟ್ಲಿಗೆ ಹಚ್ಚು, ಸೂಜಿಗೆ ಮಾಡು, ನಾವು ಇಲ್ಲಿ ಒದ್ದಾಡ್ತಿರೋ ವ್ಯತ್ಯಾಸ ನಿಮ್ಮಲ್ಲಿ ಆಗ್ಲೇ ಇದೆ. ಹಾಗಾದ್ರೆ ಬಾಟ್ಲಿಯೊಳಗೆ ಔಷಧಿ ಸೇರಿಸೋದಕ್ಕೆ ಯಾವ ಮಾತು ಬಳಸ್ತೀರಿ, ಮತ್ತೆ ಹಚ್ಚಿದ್ದನ್ನ ತೆಗೆದು ಬೇರೆ ಫ್ಲೂಯಿಡ್ ಶುರು ಮಾಡೋದಕ್ಕೆ? ವಾರ್ಡಲ್ಲಿ ಕೆಲಸ ಮಾಡೋರು ಯಾರಾದ್ರೂ ಇಲ್ಲಿದ್ರೆ, ನಿಘಂಟಲ್ಲಿ ಇರೋದಲ್ಲ, ನಿಜವಾಗ್ಲೂ ಬಾಯಲ್ಲಿ ಬರೋದನ್ನೇ ಬರೀರಿ. ಹಾಳೆ ಲ್ಯಾಮಿನೇಷನ್‌ಗೆ ಹೋಗೋಕೆ ಮುಂಚೆ ಸಿಕ್ಕಿದ್ರೆ ಸೇರಿಸ್ಕೊತೀವಿ.